ಹಿಗ್ಗಿನ ತೋಪು: ಕಿರುಗಾವಲಿನ ಮಾವು, ಭತ್ತ ಮತ್ತು ಸವಿಯ ಚರಿತ್ರೆ

ಮಳವಳ್ಳಿಯಿಂದ ಬನ್ನೂರಿನ ಮಾರ್ಗವಾಗಿ ಮೈಸೂರಿಗೆ ಹೋಗುವ ದಾರಿಯಲ್ಲಿ ಸಿಗುವ ಕಿರುಗಾವಲು, ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ ಹೋಬಳಿ ಕೇಂದ್ರ. ‘ಕಿರು’ ಮತ್ತು ‘ಕಾವಲು’ ಕೂಡಿ, ಕಕಾರಕ್ಕೆ ಗಕಾರ ಆದೇಶವಾಗಿ ರೂಪುಗೊಂಡ ಹೆಸರು ಇದು. ಹಳೆಯ ಮೈಸೂರು ಸೀಮೆಯ ಮಾತಿನಲ್ಲಿ ಕಾವಲು ಎಂದರೆ ಪಹರೆಯೂ ಹೌದು, ದನಕರುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲೂ ಹೌದು. ಕಾಯುವ ಕೆಲಸವನ್ನು ಹೆಸರಿನಲ್ಲಿಯೇ ಹೊತ್ತ ಈ ಊರು ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಎರಡು ಬಗೆಯ ಕಾಪಿಡುವಿಕೆಯಿಂದ: ‘ಬಡಾಬಾಗ್’ ಅಂದರೆ ದೊಡ್ಡ ತೋಟವೆಂದು ಕರೆಯಲಾಗುವ, ನೂರಕ್ಕೂ ಹೆಚ್ಚು ಬಗೆಯ ಮಾವಿನ ಮರಗಳಿರುವ ಹಳೆಯ ತೋಪು ಒಂದು, ಅದೇ ಮನೆತನದ ಕೃಷಿಕ ಸೈಯದ್ ಘನಿ ಖಾನ್ ಅವರು ಒಟ್ಟುಮಾಡಿ ಬೆಳೆಸಿಕೊಂಡು ಬಂದಿರುವ ಸಾವಿರಕ್ಕೂ ಮಿಕ್ಕಿದ ಭತ್ತದ ತಳಿಗಳು ಇನ್ನೊಂದು. ಇವುಗಳನ್ನು ಜೀವವೈವಿಧ್ಯದ ಸಂಗ್ರಹವೆಂದು ವರ್ಣಿಸುವುದು ವಾಡಿಕೆ, ಮತ್ತು ಅದು ಸರಿಯಾದ ವರ್ಣನೆಯೇ. ಆದರೆ ಮಾವಿನ ಮರವನ್ನು ಮನುಷ್ಯರು ನೆಟ್ಟಿದ್ದು ವೈವಿಧ್ಯಕ್ಕಾಗಿ ಅಲ್ಲ, ಸುಖಕ್ಕಾಗಿ. ಒಂದು ಮರವನ್ನು ಕಡಿಯದೆ ಉಳಿಸಿಕೊಂಡದ್ದು ಅದರ ಹಣ್ಣು ಪಕ್ಕದ ಮರದ ಹಣ್ಣಿನಂತಿಲ್ಲ ಎಂಬುದನ್ನು ಯಾರದೋ ನಾಲಿಗೆ ಗುರುತಿಸಿ ನೆನಪಿಟ್ಟುಕೊಂಡದ್ದರಿಂದ. ಆ ಅರ್ಥದಲ್ಲಿ ಕಿರುಗಾವಲಿನ ತೋಪು ಸಸ್ಯಶಾಸ್ತ್ರದ ದಾಖಲೆಯಾಗುವ ಮೊದಲೇ ಮನಸ್ಸಿನ ಚರಿತ್ರೆಯ ದಾಖಲೆ.

ಮನಸ್ಸಿಗೆ ಹಿತವಾಗುವುದನ್ನು ಹೇಳಲು ಕನ್ನಡದಲ್ಲಿ ಪದಗಳು ಧಾರಾಳವಾಗಿವೆ. ನಲಿವು, ಸೊಗಸು, ಸಂತಸ, ಹಿತ, ಸುಖ, ಆನಂದ ಎಂಬಿವುಗಳ ನಡುವಿನ ಗೆರೆಗಳು ಸೂಕ್ಷ್ಮವಾದವು. ಇವುಗಳಲ್ಲಿ ಎರಡು ಪದಗಳು ಈ ವಿಷಯಕ್ಕೆ ವಿಶೇಷವಾಗಿ ಒದಗಿಬರುತ್ತವೆ. ಮೊದಲನೆಯದು ‘ಸವಿ’; ಅದು ರುಚಿಯೂ ಹೌದು, ರುಚಿಯನ್ನು ನಿಧಾನವಾಗಿ ಅನುಭವಿಸುವ ಕ್ರಿಯೆಯೂ ಹೌದು, ಆದ್ದರಿಂದ ಸವಿ ವಸ್ತುವಿನಲ್ಲಿದೆಯೋ ಸವಿಯುವವರಲ್ಲಿದೆಯೋ ಎಂಬ ಪ್ರಶ್ನೆಯನ್ನು ಭಾಷೆಯೇ ಬಿಡಿಸದೆ ಕಟ್ಟಿಟ್ಟಿದೆ. ಎರಡನೆಯದು ‘ಹಿಗ್ಗು’. ನೀರು ಕುಡಿದ ಕಾಳು ಹಿಗ್ಗುತ್ತದೆ, ಮಳೆಗಾಲದಲ್ಲಿ ಬಾಗಿಲಿನ ಮರ ಹಿಗ್ಗುತ್ತದೆ, ಮಗಳು ಊರಿಗೆ ಬಂದಾಗ ತಾಯಿಯ ಮನಸ್ಸೂ ಹಿಗ್ಗುತ್ತದೆ. ಸಂತೋಷವೆಂದರೆ ವಿಸ್ತಾರಗೊಳ್ಳುವುದು ಎಂಬ ಅರ್ಥ ಆ ಒಂದು ಪದದೊಳಗೇ ಅಡಗಿದೆ, ಮತ್ತು ಅದರ ಎದುರಿಗೆ ನಿಲ್ಲುವ ‘ಕುಗ್ಗು’ ದುಃಖವನ್ನೂ ಸಂಕೋಚವನ್ನೂ ಒಟ್ಟಿಗೆ ಹೇಳುತ್ತದೆ. ಅಮೆರಿಕದ ಮನಃಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್‌ಸನ್ ಅವರು 1998ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳೂ ಇದೇ ಆಗಿದೆ: ಭಯ, ಕೋಪದಂಥ ಭಾವಗಳು ಗಮನವನ್ನು ಒಂದೇ ಬಿಂದುವಿಗೆ ಕುಗ್ಗಿಸಿ ತಕ್ಷಣದ ಅಪಾಯವನ್ನು ಎದುರಿಸಲು ಸಿದ್ಧಗೊಳಿಸಿದರೆ, ಸಂತೋಷ, ಕುತೂಹಲ, ನೆಮ್ಮದಿಯಂಥ ಭಾವಗಳು ಗಮನದ ವ್ಯಾಪ್ತಿಯನ್ನು ಹಿಗ್ಗಿಸಿ, ಮುಂದೆಂದೋ ಬೇಕಾಗುವ ತಿಳಿವಳಿಕೆಯನ್ನೂ ಸಂಬಂಧಗಳನ್ನೂ ಕೂಡಿಡಲು ಅನುವು ಮಾಡಿಕೊಡುತ್ತವೆ. ಈ ಸಿದ್ಧಾಂತವನ್ನು ಕನ್ನಡದಲ್ಲಿ ವಿವರಿಸಲು ಹೊಸ ಪಾರಿಭಾಷಿಕ ಪದವನ್ನು ಟಂಕಿಸುವ ಅಗತ್ಯವೇ ಇಲ್ಲವೆಂಬುದು ಗಮನಿಸತಕ್ಕ ಸಂಗತಿ.

ಸುಖವನ್ನು ಶಾಸ್ತ್ರದ ವಿಷಯವಾಗಿ ನೋಡುವ ಪರಿಪಾಠವೂ ಈ ನೆಲಕ್ಕೆ ಹೊಸದಲ್ಲ. ತೈತ್ತಿರೀಯೋಪನಿಷತ್ತಿನ ಆನಂದವಲ್ಲಿಯು ಆರೋಗ್ಯ, ವಿದ್ಯೆ, ಸಂಪತ್ತುಗಳಿರುವ ಯುವಕನೊಬ್ಬನ ಸುಖವನ್ನು ಒಂದು ಮಾನವಾಗಿಟ್ಟುಕೊಂಡು, ಅದರ ನೂರರಷ್ಟು, ಅದರ ಮತ್ತೆ ನೂರರಷ್ಟು ಎಂದು ಆನಂದವನ್ನು ಅಳೆಯುತ್ತ ಹೋಗುತ್ತದೆ. ಭರತನ ನಾಟ್ಯಶಾಸ್ತ್ರವು ರಂಗದ ಮೇಲಿನ ಶೋಕವೂ ಭಯವೂ ನೋಡುಗರಿಗೆ ಏಕೆ ಹಿತವಾಗುತ್ತವೆ ಎಂಬುದನ್ನು ವಿವರಿಸಲು ಅಡುಗೆಯ ಹೋಲಿಕೆಯನ್ನೇ ಆರಿಸಿಕೊಳ್ಳುತ್ತದೆ. ಹಲವು ವ್ಯಂಜನಗಳು ಬೆರೆತ ಅನ್ನವನ್ನು ಉಣ್ಣುವವರು ಅದರ ರಸವನ್ನು ಸವಿದು ಹರ್ಷಪಡುವಂತೆ ಪ್ರೇಕ್ಷಕರು ಭಾವಗಳನ್ನು ಸವಿಯುತ್ತಾರೆ ಎಂಬುದು ಅದರ ನಿಲುವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ವಂತೂ ಹೆಸರಿನಲ್ಲೇ ಮನಸ್ಸಿನ ಉಲ್ಲಾಸವನ್ನು ಹೊತ್ತ ಗ್ರಂಥ, ಐದು ವಿಂಶತಿಗಳ, ಅಂದರೆ ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗಗಳ, ಆ ವಿಶ್ವಕೋಶದಲ್ಲಿ ಸ್ನಾನ, ತಾಂಬೂಲ, ಸುಗಂಧ, ಅನ್ನ, ಪಾನೀಯಗಳ ಉಪಭೋಗಕ್ಕೂ, ವಿನೋದ ಮತ್ತು ಕ್ರೀಡೆಗಳಿಗೂ ದೀರ್ಘವಾದ ಭಾಗಗಳು ಮೀಸಲಾಗಿವೆ. ರಾಜ್ಯವನ್ನು ಗಳಿಸುವುದು, ಗಳಿಸಿದ್ದನ್ನು ಸ್ಥಿರಗೊಳಿಸುವುದು, ಬಳಿಕ ಅನುಭವಿಸುವುದು ಎಂಬ ಕ್ರಮದಲ್ಲಿ ಆ ಗ್ರಂಥ ಸಾಗುವುದನ್ನು ಗಮನಿಸಿದರೆ, ಅನುಭವಿಸುವುದೂ ಕಲಿಯಬೇಕಾದ ವಿದ್ಯೆಯೆಂದು ಅದರ ಕರ್ತೃ ಭಾವಿಸಿದ್ದನೆಂಬುದು ಸ್ಪಷ್ಟವಾಗುತ್ತದೆ.

ಅರಮನೆಯ ಈ ವಿದ್ಯೆ ಮಣ್ಣಿಗಿಳಿದು ತೋಟದ ರೂಪ ತಾಳಿದ ಕಥೆಯಲ್ಲಿ ಮಳವಳ್ಳಿ ಸೀಮೆಗೆ ಒಂದು ಪಾತ್ರವಿದೆ. ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಅಡಿಪಾಯ ಹಾಕಿದನು. ಟಿಪ್ಪು ಸುಲ್ತಾನನು ದೂರದ ದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನು. ಶ್ರೀರಂಗಪಟ್ಟಣದ ದರಿಯಾ ದೌಲತ್ ಮತ್ತು ಗಂಜಾಮಿನ ಲಾಲ್‌ಬಾಗ್‌ಗಳು ನದಿಯ ಬದಿಯಲ್ಲಿ ಅದೇ ಅಭಿರುಚಿಯ ಮುಂದುವರಿಕೆಗಳಾದವು. ಮಳವಳ್ಳಿಯನ್ನು ಹೈದರನು ಮಗ ಟಿಪ್ಪುವಿಗೆ ಜಹಗೀರಾಗಿ, ಅಂದರೆ ಅದರ ಕಂದಾಯವನ್ನು ಅನುಭವಿಸುವ ಹಕ್ಕಿನೊಡನೆ, ಬಿಟ್ಟುಕೊಟ್ಟಿದ್ದನು. ಅಲ್ಲಿನ ಕೆರೆಯ ನೀರಿನ ಆಸರೆಯಲ್ಲಿ ಟಿಪ್ಪು ಹಣ್ಣಿನ ತೋಟವೊಂದನ್ನು ಮಾಡಿಸಿದ್ದನ್ನು, 1800ರಲ್ಲಿ ಆ ದಾರಿಯಾಗಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಕಿರುಗಾವಲಿನ ಬಡಾಬಾಗ್ ಕೂಡ ಆ ಕಾಲದ ಕೊಡುಗೆಯೆಂಬುದು ಅದನ್ನು ನೋಡಿಕೊಳ್ಳುತ್ತಿರುವ ಮನೆತನದಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಮಾತು. ಮೈಸೂರಿನ ಕೊನೆಯ ಯುದ್ಧದಲ್ಲಿ 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಬ್ರಿಟಿಷರ ಜನರಲ್ ಹ್ಯಾರಿಸ್‌ನ ಸೇನೆ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದಾಗ ಈ ಭಾಗದ ಮಾವಿನ ಮರಗಳಲ್ಲಿ ಇನ್ನೂ ಕಾಯಿ ಬಲಿಯುತ್ತಿದ್ದ ಕಾಲ. ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದಾಗ ಮೊದಲ ಹಣ್ಣುಗಳು ಮಾಗುವ ಹೊತ್ತು. ರಾಜ್ಯಗಳ ಕಾಲಮಾನ ಬೇರೆ, ಮರಗಳ ಕಾಲಮಾನ ಬೇರೆಯಾದುದರಿಂದ ನೆಡಿಸಿದವರ ಆಳ್ವಿಕೆ ಮುಗಿದ ಮೇಲೂ ತೋಟಗಳ ಫಸಲು ನಿಲ್ಲಲಿಲ್ಲ, ಮತ್ತು ಅರಸನ ಉಪಭೋಗಕ್ಕೆಂದು ಹುಟ್ಟಿದ ತೋಪಿನ ಸುಖ ಕ್ರಮೇಣ ಸುತ್ತಲಿನ ರೈತಾಪಿ ಮನೆಗಳ ಪಾಲಾಯಿತು. ಸುಖದ ಚರಿತ್ರೆಯಲ್ಲಿ ಇದು ಸಣ್ಣ ಪಲ್ಲಟವೇನೂ ಅಲ್ಲ.

ಇಂಥ ಹಳೆಯ ತೋಪುಗಳಲ್ಲಿ ಒಂದು ಮರದ ಹಣ್ಣು ಇನ್ನೊಂದರಂತೆ ಇರದಿರುವುದಕ್ಕೆ ಕಾರಣ ಮಾವಿನ ಬೀಜದ ಸ್ವಭಾವದಲ್ಲಿದೆ. ಭಾರತದ ಹೆಚ್ಚಿನ ಮಾವುಗಳ ವಾಟೆಯೊಳಗೆ ಒಂದೇ ಭ್ರೂಣವಿದ್ದು, ಅದು ಪರಾಗಸ್ಪರ್ಶದಿಂದ ಎರಡು ಮರಗಳ ಗುಣ ಬೆರೆತು ಹುಟ್ಟಿದುದಾದ್ದರಿಂದ, ವಾಟೆ ಹಾಕಿ ಬೆಳೆಸಿದ ಗಿಡ ತಾಯಿಮರದ ಪಡಿಯಚ್ಚಾಗುವುದಿಲ್ಲ. ಪ್ರತಿಯೊಂದು ಬೀಜದ ಮರವೂ ಹೊಸ ವ್ಯಕ್ತಿ. ನೂರು ವಾಟೆ ನೆಟ್ಟರೆ ನೂರು ಬಗೆ ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ಹುಳಿಯಾಗಿಯೋ ನಾರಾಗಿಯೋ ಉಳಿಯುತ್ತವೆ, ಕೆಲವೇ ಕೆಲವು ನಾಲಿಗೆ ಮರೆಯದಂತೆ ಬರುತ್ತವೆ. ಬಡಾಬಾಗಿನಲ್ಲಿ ಮೂಸಂಬಿಯ ನೆನಪು ತರುವ ಹಣ್ಣಿದೆ, ಸೇಬಿನ ರುಚಿಯನ್ನು ಹೋಲುವ ಹಣ್ಣಿದೆ. ಮಲೆನಾಡಿನ ಅಪ್ಪೆಮಿಡಿಗಳಲ್ಲಿ ಜೀರಿಗೆಯ ಪರಿಮಳದ್ದನ್ನೂ ಕರ್ಪೂರದ ಘಾಟಿನದ್ದನ್ನೂ ಬೇರೆಬೇರೆಯಾಗಿ ಗುರುತಿಸಿ ಉಪ್ಪಿನಕಾಯಿಗೆ ಆಯುವಂತೆ, ಬಯಲುಸೀಮೆಯ ಮನೆಗಳಲ್ಲೂ ಸಕ್ಕರೆಗುತ್ತಿ, ಗಿಣಿಮೂತಿ ಎಂದು ಆಕಾರಕ್ಕೋ ರುಚಿಗೋ ಹೆಸರಿಟ್ಟು ಮರಗಳನ್ನು ನೆನಪಿಡಲಾಗುತ್ತಿತ್ತು. ಹೆಸರಿಡುವುದೆಂದರೆ ಬೇರ್ಪಡಿಸುವುದು, ಬೇರ್ಪಡಿಸಲು ಬಾರದ ಸುಖವನ್ನು ಮತ್ತೆ ಹುಡುಕಿಕೊಂಡು ಹೋಗಲೂ ಬರುವುದಿಲ್ಲ. ಹಣ್ಣಿಗೆ ಹೆಸರಿಟ್ಟವರ ಹೆಸರುಗಳು ಯಾವ ದಫ್ತರದಲ್ಲಿಯೂ ಉಳಿದಿಲ್ಲವಾದರೂ, ಅವರು ಮಾಡಿದ ಕೆಲಸ ಸುಖವನ್ನು ಸೂಕ್ಷ್ಮಗೊಳಿಸುವ ಕೆಲಸವಾಗಿತ್ತು, ಮತ್ತು ಅದು ಸೋಮೇಶ್ವರನ ಗ್ರಂಥಕ್ಕಿಂತ ಕಡಿಮೆಯ ವಿದ್ವತ್ತೇನೂ ಆಗಿರಲಿಲ್ಲ.

ಈ ಬಗೆಬಗೆಯ ರುಚಿ ಮನಸ್ಸಿಗೆ ಏಕೆ ಬೇಕಾಗುತ್ತದೆ ಎಂಬುದಕ್ಕೆ 20ನೆಯ ಶತಮಾನದ ಪ್ರಯೋಗಗಳು ಉತ್ತರ ಕೊಟ್ಟಿವೆ. ಒಂದು ತಿನಿಸನ್ನು ಹೊಟ್ಟೆ ತುಂಬ ತಿಂದವರಿಗೆ ಅದೇ ತಿನಿಸಿನ ರುಚಿ ಇಳಿಯುತ್ತ ಹೋಗುತ್ತದೆ, ಆದರೆ ಅದೇ ಹೊತ್ತಿಗೆ ಬೇರೆ ತಿನಿಸಿನ ರುಚಿ ಅಷ್ಟಾಗಿ ಇಳಿದಿರುವುದಿಲ್ಲ ಎಂಬುದನ್ನು ಬಾರ್ಬರಾ ರೋಲ್ಸ್ ಮತ್ತು ಅವರ ಸಂಗಡಿಗರು 1981ರಲ್ಲಿ ಪ್ರಯೋಗದಿಂದ ತೋರಿಸಿದರು. ಹಬ್ಬದೂಟದಲ್ಲಿ ಅನ್ನ ಸಾರು ಸಾಕೆಂದು ಕೈ ಅಡ್ಡ ಹಿಡಿದವರೂ ಪಾಯಸ ಬಂದಾಗ ಎಲೆಯಲ್ಲಿ ಜಾಗ ಮಾಡಿಕೊಡುವುದರ ಒಳಗುಟ್ಟು ಇದೇ. ‘ಸಿಹಿ ಮುಖಕ್ಕೆ ಹೊಡೆಯಿತು’ ಎನ್ನುವ ಮೈಸೂರು ಸೀಮೆಯ ಮಾತು ಹೇಳುವುದೂ ಆ ಇಳಿತವನ್ನೇ. ಇನ್ನೂ ದೀರ್ಘಾವಧಿಯ ಇಳಿತವೊಂದಿದೆ. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ ಅವರು 1971ರಲ್ಲಿ ವಿವರಿಸಿದಂತೆ, ದೊರೆತ ಅನುಕೂಲಕ್ಕೆ ಮನಸ್ಸು ಬೇಗನೆ ಒಗ್ಗಿಹೋಗಿ ಹಳೆಯ ಮಟ್ಟಕ್ಕೆ ಮರಳುವುದರಿಂದ ಮನುಷ್ಯರು ಇನ್ನಷ್ಟು ಬೇಕೆಂದು ನಡೆಯುತ್ತಲೇ ಇದ್ದು ಇದ್ದಲ್ಲೇ ಇರುತ್ತಾರೆ. ಮಂಡ್ಯದ ಕಬ್ಬಿನ ಸೀಮೆಯವರಿಗೆ ಗಾಣದ ಎತ್ತಿನ ಚಿತ್ರ ಇದನ್ನು ಥಟ್ಟನೆ ತಿಳಿಸೀತು. ಋತುವಿಗೆ ಕಟ್ಟುಬಿದ್ದ ಸುಖ ಮಾತ್ರ ಈ ಒಗ್ಗುವಿಕೆಯಿಂದ ಬಹುಮಟ್ಟಿಗೆ ಪಾರಾಗುತ್ತದೆ. ಮಾವು ವರ್ಷದ ಕೆಲವೇ ವಾರ ಸಿಗುವ ಹಣ್ಣು. ಅದರಲ್ಲೂ ಹಳೆಯ ಬೀಜದ ಮರಗಳು ಒಂದು ವರ್ಷ ಮುರಿದುಬೀಳುವಂತೆ ಫಲ ಹಿಡಿದರೆ ಮರುವರ್ಷ ಕೈಕೊಡುವುದು ಸಾಮಾನ್ಯ. ಆದ್ದರಿಂದ ತೋಪಿನ ಪ್ರತಿಯೊಂದು ರುಚಿಯ ಹಿಂದೆಯೂ ಒಂದು ಅಗಲಿಕೆ ಇದ್ದೇ ಇರುತ್ತದೆ.

ಕಾಯುವಿಕೆ ಸುಖದ ಭಾಗವೇ ಎಂಬುದನ್ನು ಮಿದುಳಿನ ಅಧ್ಯಯನವೂ ಎತ್ತಿ ತೋರಿಸಿದೆ. ವೋಲ್ಫ್ರಾಮ್ ಶುಲ್ಟ್ಸ್ ಅವರು ಕೋತಿಗಳಿಗೆ ಹಣ್ಣಿನ ರಸದ ಹನಿಗಳನ್ನು ಕೊಟ್ಟು ನಡೆಸಿದ ಪ್ರಯೋಗಗಳಲ್ಲಿ, ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಮೊದಮೊದಲು ರಸ ಬಾಯಿಗೆ ಬಿದ್ದಾಗ ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ದೀಪ ಹೊತ್ತುವುದು ರೂಢಿಯಾದ ಮೇಲೆ ದೀಪಕ್ಕೇ ಚುರುಕಾಗತೊಡಗಿದವು. ದೀಪ ಹೊತ್ತಿಯೂ ರಸ ಬಾರದಿದ್ದಾಗ ಮಂಕಾದವು. ಕೆಂಟ್ ಬೆರಿಡ್ಜ್ ಅವರ ಸಂಶೋಧನೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಯಸುವುದು ಮತ್ತು ಸವಿಯುವುದು ಮಿದುಳಿನಲ್ಲಿ ಎರಡು ಬೇರೆ ವ್ಯವಸ್ಥೆಗಳೆಂದು ತೋರಿಸಿತು. ಡೋಪಮಿನ್ ಬಹುತೇಕ ಬತ್ತಿಹೋದ ಇಲಿಗಳು ಆಹಾರವನ್ನು ತಾವಾಗಿ ಹುಡುಕಿ ಹೋಗದಿದ್ದರೂ, ನಾಲಿಗೆಗೆ ಸಿಹಿ ಮುಟ್ಟಿಸಿದಾಗ ಮಾತ್ರ ಎಂದಿನಂತೆ ತುಟಿ ಸವರಿ ಅದನ್ನು ಸವಿದವು. ಬಾಯಲ್ಲಿ ನೀರೂರುವುದೂ ಬಾಯಿ ಸಿಹಿಯಾಗುವುದೂ ಒಂದೇ ಅಲ್ಲವೆಂಬ ಈ ಭೇದ ಆಡುಮಾತಿಗೆ ಹಿಂದಿನಿಂದಲೂ ಗೊತ್ತಿತ್ತು. ಕನ್ನಡನಾಡಿನಲ್ಲಿ ಮನಸ್ಸನ್ನು ಪ್ರಯೋಗದಿಂದ ಅರಿಯುವ ಕೆಲಸಕ್ಕೆ 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿಯನ್ನು ಆರಂಭಿಸಿ, ಸಂಗೀತದ ಸುಖವನ್ನು ಸಭಾಂಗಣದ ಹೊರಗಿನವರಿಗೂ ಮುಟ್ಟಿಸಿದ್ದು ಆ ವಿಭಾಗದ ಚರಿತ್ರೆಯ ಹೆಮ್ಮೆಯ ಅಧ್ಯಾಯ.

ತೋಪಿನ ಮನೆಗಳಲ್ಲಿ ಕಾಯುವಿಕೆಗೆ ಒಂದು ವಿಧಾನವೇ ಇತ್ತು, ಅದು ಇಂದಿಗೂ ಅಲ್ಲಲ್ಲಿ ಉಳಿದಿದೆ. ಬಲಿತ ಕಾಯನ್ನು ತೊಟ್ಟು ಮುರಿಯದಂತೆ ಕಿತ್ತು, ಸೊನೆ ಮೈಗಿಳಿಯದಂತೆ ತಲೆಕೆಳಗಾಗಿಟ್ಟು ಸೋರಿಸಿ, ಕತ್ತಲೆಯ ಮೂಲೆಯಲ್ಲಿ ಭತ್ತದ ಹುಲ್ಲಿನ ಹಾಸಿನ ಮೇಲೆ ಒಂದಕ್ಕೊಂದು ತಗಲದಂತೆ ಜೋಡಿಸಿ, ಮೇಲೆ ಮತ್ತೆ ಹುಲ್ಲು ಹೊದಿಸುವುದಕ್ಕೆ ಅಡೆ ಹಾಕುವುದು ಎಂದು ಹೆಸರು. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಹುಲ್ಲಿನ ಒಳಗೆ ಬೆಚ್ಚನೆಯ ಉಸಿರಿನಂಥ ಕಾವು ಏಳುತ್ತದೆ, ಮನೆಯ ನಡುವಿನವರೆಗೂ ವಾಸನೆ ಹರಡುತ್ತದೆ, ಮಕ್ಕಳು ಹುಲ್ಲಿನೊಳಕ್ಕೆ ಕೈ ತೂರಿಸಿ ಮೆತ್ತಗಾದುದನ್ನು ತಡವಿ ಹುಡುಕುತ್ತಾರೆ. ಹಿಂಡಿ ಕುಡಿಯುವ ಹಣ್ಣಾದರೆ ಅದನ್ನು ಅಂಗೈಗಳ ನಡುವೆ ಉರುಳಿಸಿ, ತೊಟ್ಟಿನ ಬಳಿಯ ಮೊದಲ ಹನಿಯನ್ನು ಚೆಲ್ಲಿ, ಸಿಪ್ಪೆಯ ತೂತಿಗೆ ಬಾಯಿಟ್ಟು ಹೀರಿ, ಕೊನೆಗೆ ವಾಟೆಯನ್ನು ನಾರು ಬೆಳ್ಳಗಾಗುವವರೆಗೆ ಚೀಪುವುದು ಪದ್ಧತಿ. ಈ ಕ್ರಮದಲ್ಲಿ ಮೂಗಿಗೆ, ಅಂಗೈಗೆ, ಹಲ್ಲಿಗೆ ಪ್ರತ್ಯೇಕವಾದ ಪಾಲಿದೆ, ಮತ್ತು ತಿನ್ನುವ ಹೊತ್ತಿಗಿಂತ ತಿನ್ನುವುದಕ್ಕೆ ಮುಂಚಿನ ಹೊತ್ತು ಹೆಚ್ಚು ದೀರ್ಘವಾದದ್ದು. ಸುಖವನ್ನು ಗಮನವಿಟ್ಟು ಹಿಗ್ಗಿಸಿಕೊಳ್ಳುವ ಕೌಶಲವನ್ನು ಇತ್ತೀಚಿನ ದಶಕಗಳಲ್ಲಿ ಫ್ರೆಡ್ ಬ್ರಯಂಟ್ ಅವರಂಥ ಮನಃಶಾಸ್ತ್ರಜ್ಞರು ‘ಸವಿಯುವಿಕೆ’ ಎಂಬರ್ಥದ ಹೆಸರಿನಿಂದಲೇ ಅಧ್ಯಯನ ಮಾಡಿ, ಮುಂಬರುವುದನ್ನು ನೆನೆಯುವುದು, ಇರುವುದರಲ್ಲಿ ತಂಗುವುದು, ಕಳೆದುದನ್ನು ಮೆಲುಕು ಹಾಕುವುದು ಎಂಬ ಮೂರು ಕಾಲಗಳಲ್ಲಿ ಅದು ನಡೆಯುತ್ತದೆ ಎಂದಿದ್ದಾರೆ. ಹುಲ್ಲಿನಡಿಯ ಹಣ್ಣು ಈ ಮೂರನ್ನೂ ಕಲಿಸುತ್ತಿತ್ತು.

ಈ ಸೀಮೆಯ ವರ್ಷವೂ ಇಂಥ ಅಗಲಿಕೆ ಮತ್ತು ಮರಳುವಿಕೆಗಳಿಂದ ಹೆಣೆದದ್ದು. ಯುಗಾದಿಯ ಬೇವುಬೆಲ್ಲದೊಡನೆ ಮಾವಿನಕಾಯಿಯ ಹುಳಿ ಮನೆಗೆ ಬರುತ್ತದೆ, ಮರುದಿನದ ಹೊಸತೊಡಕಿಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಒಲೆಗಳ ಮೇಲೆ ಬಾಡೂಟ ಬೇಯುತ್ತದೆ, ಮತ್ತು ಅದಕ್ಕೆ ಬನ್ನೂರು ಕುರಿಯೆಂದು ಹೆಸರಾದ, ಮಳವಳ್ಳಿ ತಾಲ್ಲೂಕಿನ ಬಂಡೂರಿನ ಕುರಿಯ ಮಾಂಸವೇ ಶ್ರೇಷ್ಠವೆಂಬ ಅಭಿಮಾನ ಜನರಲ್ಲಿದೆ, ಬಳಿಕ ಹಣ್ಣಿನ ಕಾಲ, ಆಮೇಲೆ ಮುಂಗಾರು.

ಈ ಲಯ ಸಡಿಲಗೊಂಡದ್ದು 20ನೆಯ ಶತಮಾನದಲ್ಲಿ, ಮತ್ತು ಅದರ ಕಾರಣ ಕೇಡಿನದಲ್ಲ, ಸಮೃದ್ಧಿಯದು. 1911ರಲ್ಲಿ ಕೆಲಸ ಆರಂಭವಾಗಿ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರ ಅಣೆಕಟ್ಟು, ಇರ್ವಿನ್ ನಾಲೆಯೆಂದು ಹುಟ್ಟಿ ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆ, ಮಂಡ್ಯದಲ್ಲಿ 1933ರಲ್ಲಿ ಸ್ಥಾಪಿತವಾದ ಮೈಸೂರು ಸಕ್ಕರೆ ಕಂಪನಿ ಇವು ಮೂರೂ ಸೇರಿ, ರಾಗಿಯ ನಾಡನ್ನು ಕಬ್ಬು ಮತ್ತು ಭತ್ತದ ನಾಡಾಗಿ ಪರಿವರ್ತಿಸಿದವು. ಬರಗಾಲದ ಅಂಜಿಕೆ ಕಳೆದ ಮನೆಗಳ ನೆಮ್ಮದಿಯನ್ನು ಯಾವ ಚರಿತ್ರೆಕಾರರೂ ಕಡೆಗಣಿಸಬಾರದು. ಆದರೆ ಸಿಹಿಯ ಮಟ್ಟಿಗೆ ಆದ ಬದಲಾವಣೆಯೂ ದೊಡ್ಡದು: ಹಣ್ಣಿನೊಳಗೆ, ಜೇನಿನೊಳಗೆ, ಆಲೆಮನೆಯ ಬಿಸಿ ಬೆಲ್ಲದೊಳಗೆ ಊರಿಗೊಂದು ಬಗೆಯಾಗಿ ಸಿಗುತ್ತಿದ್ದ ಸಿಹಿ, ಎಲ್ಲ ಕಾಲಕ್ಕೂ ಒಂದೇ ತೆರನಾದ ಬಿಳಿಯ ಹರಳಾಗಿ ಡಬ್ಬಿಯಲ್ಲಿ ಕುಳಿತಿತು. ಮಾವಿನಲ್ಲೂ ಇದೇ ನಡೆಯಿತು. ಒಳ್ಳೆಯ ಮರದ ಕೊಂಬೆಯನ್ನು ಬೇರೆ ಸಸಿಗೆ ಕೂಡಿಸಿ ಅದೇ ಹಣ್ಣನ್ನು ಸಾವಿರ ಮರಗಳಲ್ಲಿ ಪಡೆಯುವ ಕಸಿಯ ವಿದ್ಯೆ, ಬಾದಾಮಿ, ರಸಪುರಿ, ಮಲಗೋವಗಳ ರುಚಿಯನ್ನು ಅರಮನೆಯಿಂದ ಬೀದಿಯ ಗಾಡಿಗೆ ಇಳಿಸಿತು, ಅದು ನಿಜವಾದ ಉಪಕಾರ. ಅದರೊಡನೆಯೇ, ಮಾರುಕಟ್ಟೆಗೆ ಹೆಸರಿಲ್ಲದ ಬೀಜದ ಮರ ಸೌದೆಗೂ ಹಲಗೆಗೂ ಹೆಚ್ಚು ಬೆಲೆಯದ್ದಾಗಿ, ಊರೂರಿನ ತೋಪುಗಳು ಕೊಡಲಿಗೆ ಸಿಕ್ಕವು.

ಭತ್ತದ ಗದ್ದೆಗಳಲ್ಲಿ ನಡೆದದ್ದೂ ಇದಕ್ಕೆ ಸಮಾನಾಂತರವಾದ ಕಥೆ. 1960ರ ದಶಕದ ಬಳಿಕ ಬಂದ ಅಧಿಕ ಇಳುವರಿಯ ಗಿಡ್ಡ ತಳಿಗಳು ಹೊಟ್ಟೆ ತುಂಬಿಸಿದುವು, ಆದರೆ ಒಡೆಯರ ಅರಮನೆಗೆ ಸಲ್ಲುತ್ತಿತ್ತೆಂಬ ಹಿರಿಮೆಯ ರಾಜಮುಡಿ, ಎಸರಿಗೆ ಹಾಕಿದಾಗಲೇ ಪರಿಮಳ ಸೂಸುವ ಗಂಧಸಾಲೆ, ಹೆಸರಿನಲ್ಲೇ ತನ್ನ ಕಾಳಿನ ಚಿತ್ರವನ್ನಿಟ್ಟುಕೊಂಡ ಜೀರಿಗೆಸಣ್ಣ, ಹಳೆಯ ಮೈಸೂರು ಸೀಮೆಯ ರತ್ನಚೂಡಿ ಮುಂತಾದವು ಗದ್ದೆಯಿಂದ ಗದ್ದೆಗೆ ಹಿಂದೆ ಸರಿದವು. ಪುರಾತತ್ತ್ವವನ್ನೂ ವಸ್ತುಸಂಗ್ರಹಾಲಯ ಶಾಸ್ತ್ರವನ್ನೂ ಓದಿದ್ದ ಸೈಯದ್ ಘನಿ ಖಾನ್ ಅವರು, ಗಾಜಿನ ಪೆಟ್ಟಿಗೆಯಲ್ಲಿ ವಸ್ತುಗಳನ್ನು ಕಾಯುವ ವೃತ್ತಿಗೆ ಬದಲಾಗಿ ಕಿರುಗಾವಲಿನ ತಮ್ಮ ಜಮೀನಿನಲ್ಲಿ ಈ ತಳಿಗಳನ್ನು ಬಿತ್ತಿ ಕಾಯುವ ಕೆಲಸವನ್ನು ಕೈಗೆತ್ತಿಕೊಂಡರು. ಅವರ ಸಂಗ್ರಹದಲ್ಲಿ ಕಪ್ಪು, ಕೆಂಪು, ಬಿಳಿಯ ಅಕ್ಕಿಗಳಿವೆ, ಮೀಸೆಯುಳ್ಳ ಮತ್ತು ಮೀಸೆಯಿಲ್ಲದ ತೆನೆಗಳಿವೆ, ಮೂಗಿಗೆ ಹತ್ತಿರ ಹಿಡಿದಾಗ ಮಾತ್ರ ಗುಟ್ಟು ಬಿಡುವ ಸುಗಂಧಗಳಿವೆ. ಇವನ್ನು ನೋಡಲು ಬರುವ ರೈತರ ಮುಖದಲ್ಲಿ ಕಾಣುವುದು ಮರುಗುರುತಿಸುವಿಕೆಯ ಹಿಗ್ಗು; ಅಜ್ಜಿಯ ಕಾಲದಲ್ಲಿ ಉಂಡ ಅನ್ನದ ಹೆಸರು ಮತ್ತೆ ಕಿವಿಗೆ ಬಿದ್ದಾಗ, ಮೊದಲು ನೆನಪಾಗುವುದು ಇಳುವರಿಯಲ್ಲ, ಆ ಅನ್ನದ ವಾಸನೆ.

ತೋಪನ್ನು ಕಾಯುವುದಕ್ಕೂ ಗದ್ದೆಯನ್ನು ಕಾಯುವುದಕ್ಕೂ ಇರುವ ಅಂತರವನ್ನು ಇಲ್ಲಿ ಹೇಳಲೇಬೇಕು. ಭತ್ತ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆ, ಅಂದರೆ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವಂಥದು. ಆದ್ದರಿಂದ ಒಂದು ಹಿಡಿ ಬೀಜದಲ್ಲಿ ತಳಿ ಪೂರ್ತಿಯಾಗಿ ಅಡಗಿರುತ್ತದೆ, ಸೆರಗಿನ ತುದಿಯಲ್ಲಿ ಕಟ್ಟಿ ಇನ್ನೊಂದು ಊರಿಗೆ ಒಯ್ಯಬಹುದು, ಆದರೆ ಮನೆಯಲ್ಲಿ ವರ್ಷಗಟ್ಟಲೆ ಇಟ್ಟರೆ ಮೊಳಕೆಯ ಶಕ್ತಿ ಕುಂದುವುದರಿಂದ ಮತ್ತೆ ಮತ್ತೆ ಬಿತ್ತಿ ಹೊಸದು ಮಾಡಿಕೊಳ್ಳಲೇಬೇಕಾಗುತ್ತದೆ. ಮಾವಿನ ವಾಟೆ ಹಾಗಲ್ಲ. ಮೂಸಂಬಿಯ ನೆನಪು ತರುವ ಆ ಹಣ್ಣಿನ ವಾಟೆಯನ್ನು ನೆಟ್ಟರೆ ಬರುವುದು ಬೇರೊಂದು ಹಣ್ಣು. ಆ ರುಚಿ ಬೇಕೆಂದರೆ ಆ ಮರ ನಿಂತಿರಬೇಕು, ಇಲ್ಲವೇ ಅದು ಒಣಗುವ ಮುಂಚೆ ಅದರ ಕೊಂಬೆಯ ಕಡ್ಡಿಯೊಂದು ಎಳೆಯ ಸಸಿಯ ಮೇಲೆ ಕಸಿಯಾಗಿ ಚಿಗುರಿರಬೇಕು. ಹೀಗೆ ತೋಪುಗಳನ್ನು ಸಗಟು ಬರಿದುಮಾಡಿದ ಅದೇ ಕಸಿಯ ಕೈಚಳಕ, ಬಡಾಬಾಗಿನ ಇನ್ನೂರು ವರ್ಷದ ಮರಗಳ ಮಟ್ಟಿಗೆ, ಅವುಗಳ ರುಚಿಯನ್ನು ಮುಂದಿನ ನಾಲಿಗೆಗೆ ದಾಟಿಸಬಲ್ಲ ಏಕೈಕ ದಾರಿಯಾಗಿ ಉಳಿದಿದೆ. ಬೇಸಿಗೆಯ ಕೊನೆಯ ಹಣ್ಣು ಇಳಿದು ಮೊದಲ ಮಳೆಗಳು ಬಿದ್ದ ಮೇಲೆ, ಗಾಳಿಯಲ್ಲಿ ತೇವ ಏರಿದ ದಿನಗಳು ಆ ಕೆಲಸಕ್ಕೆ ಹದವಾದ ಕಾಲ.